ಒಂದೇ ಎಳೆತಕ್ಕೆ

ಬೆಂಡಿಗೋದ ಮಾಲಿನಲ್ಲಿ, ಲಿಫ್ಟಿನ ಪಕ್ಕ,
ಮಡಚುವ ಮೇಜು ಹಾಕಿ ಕೂತಿದ್ದೇವೆ ಬೆರಿಲ್ ಮತ್ತು ನಾನು.
ಹೊರಗೆ ಡಿಸೆಂಬರು, ನಲವತ್ತೊಂದು ಡಿಗ್ರಿ,
ಡಾಂಬರು ಚಪ್ಪಲಿಗೆ ಅಂಟುವ ಕ್ರಿಸ್‌ಮಸ್.
ಒಳಗೆ ಹತ್ತಿಯ ಹಿಮ, ಎಸಿಯ ಗಾಳಿಗೆ ಅಲುಗುತ್ತದೆ.
ಚಿಕ್ಕ ಪೊಟ್ಟಣಕ್ಕೆ ಮೂರು ಡಾಲರು, ದೊಡ್ಡದಕ್ಕೆ ಆರು,
ದುಡ್ಡೆಲ್ಲ ಆಸ್ಪತ್ರೆಯ ಮಕ್ಕಳ ವಾರ್ಡಿಗೆ.
ನನ್ನ ಎದೆಯ ಬಿಲ್ಲೆಯ ಮೇಲೆ 'ನೀಲ್' ಎಂದಿದೆ.
ನೀಲವ್ವ ಅನ್ನುವಷ್ಟು ಜಾಗ ಇರಲಿಲ್ಲವಂತೆ.
ನೀಲ್ ಎಲ್ಲಿ, ಎಂದು ನನ್ನನ್ನೇ ಕೇಳುತ್ತಾರೆ ಗಿರಾಕಿಗಳು.
ಕತ್ತರಿ ಎತ್ತಿ ತೋರಿಸುತ್ತೇನೆ.

ಬೆರಿಲ್‌ಗೆ ಎಂಬತ್ತೆರಡು.
ಬೆರಳ ಗೆಣ್ಣು ಹಸಿಶುಂಠಿಯ ಹಾಗೆ.
ಕಟ್ಟಲಾರಳು, ಕಟ್ಟಿಸಬಲ್ಲಳು.
'ಮೊದಲೇ ಕತ್ತರಿಸಬೇಡ, ಸುರುಳಿಯಿಂದಲೇ ಕಟ್ಟು.
ಅಳೆದು ಕತ್ತರಿಸಿದವರಿಗೆ ಕೊನೆಗೆ ಗೇಣು ಕಮ್ಮಿ.
ಸ್ಯಾಟಿನ್ನಿಗೆ ಒಂದೇ ಮುಖ. ಸುತ್ತು ಸುತ್ತಿಗೂ ನಡುವಲ್ಲಿ
ಅರ್ಧ ತಿರುಚು, ಮಂಕು ಬೆನ್ನು ಒಳಗೆ ಹೋಗಲಿ.
ಹೆಬ್ಬೆರಳು ಒತ್ತಿ ಹಿಡಿ,
ಬಿಟ್ಟೆಯೋ, ಓಡುತ್ತದೆ.'

ನಮ್ಮೂರಲ್ಲಿ ಇದಕ್ಕೆ ಟೇಪು ಅನ್ನುತ್ತಿದ್ದೆವು.
ವಾರವೆಲ್ಲ ಕೆಂಪು, ಶನಿವಾರ ಬಿಳಿ.
ರಾತ್ರಿ ತೊಳೆದು ಹಿತ್ತಾಳೆ ಕೊಡಕ್ಕೆ ಸುತ್ತಿಟ್ಟರೆ
ಬೆಳಗ್ಗೆ ಇಸ್ತ್ರಿ ಮಾಡಿದ ಹಾಗೆ.
ಅಕ್ಕ ತಲೆ ಎಳೆದೆಳೆದು ಹೆಣೆದು, ಜಡೆ ಮೇಲಕ್ಕೆ ಮಡಚಿ
ಕಿವಿಯ ಹತ್ತಿರ ಹೂವಿನಂತೆ ಅರಳಿಸಿ
ಹೂವಿನೊಳಗೆ ಒಂದು ಕಗ್ಗಂಟು ಹಾಕುತ್ತಿದ್ದಳು,
ಸಂಜೆಯವರೆಗೆ ಖೋಖೋ ಆಡಿದರೂ ಸಡಿಲಬಾರದು.
ಬಿಚ್ಚಲು ಹಲ್ಲು ಬೇಕಿತ್ತು. ಒಮ್ಮೆ ಕತ್ತರಿ.
ಗಂಟೆಂದರೆ ಬಿಗಿ ಎಂದೇ ತಿಳಿದು ಬೆಳೆದವಳು ನಾನು.
ಮೂರು ಗಂಟಿನ ವಿಷಯ ಇಲ್ಲಿ ಬೇಡ.

ಮಧ್ಯಾಹ್ನ ಬಂದವನ ಬೂಟಿನ ಮೇಲೆಲ್ಲ ಪೇಂಟಿನ ಹನಿ.
ತಂದದ್ದು ಮನೆಯೊಳಗೆ ಮೆಟ್ಟುವ ಚಪ್ಪಲಿ, ಹಸಿರು, ಒಳಗೆ ಉಣ್ಣೆ.
ಈ ಬಿಸಿಲಲ್ಲಿ ಉಣ್ಣೆ!
'ರೇಲೀನ್‌ಗೆ. ಅವಳ ಕಾಲು ಯಾವಾಗಲೂ ತಣ್ಣಗೆ.'
ನಾನು ಹುರುಪಿನಲ್ಲಿ ಎಂಟು ಎಸಳು ಎತ್ತಿ,
ತುದಿಗಳನ್ನು ಹಾವಿನ ನಾಲಿಗೆಯಂತೆ ಸೀಳಿ,
ಅವನ ಮುಂದಿಟ್ಟೆ.
ಚೆನ್ನಾಗಿದೆ, ಅಂದ. ದುಡ್ಡು ಕೊಟ್ಟ. ಹೋಗಲಿಲ್ಲ.
'ಆಗಸ್ಟಿನಲ್ಲಿ ಲಕ್ವ ಹೊಡೆಯಿತು, ಬಲಗಡೆ.
ಹುಟ್ಟುಹಬ್ಬದ ಪೊಟ್ಟಣ ನರ್ಸು ಬಿಚ್ಚಿಕೊಟ್ಟಳು.
ಇವಳು ಕಿಟಕಿಯ ಕಡೆ ನೋಡುತ್ತಿದ್ದಳು.'

ಎಂಟೂ ಎಸಳು ಕೆಡವಿದೆ.
ಬೆರಿಲ್ ಬಲಗೈಯನ್ನು ತೊಡೆಯಡಿ ಇಟ್ಟುಕೊಂಡಳು.
ಅವಳ ಎಡಗೈ ಬಿಚ್ಚಿದರೆ ಯಾರ ಕೈಯಾದರೂ ಬಿಚ್ಚೀತು.
ಮೊದಲನೆಯದು ಎಳೆದಳು: ಕುಣಿಕೆ ಹೋಗಿ ಕಗ್ಗಂಟು,
ಎಲ್ಲಿಂದಲೋ ಅಕ್ಕ ನಕ್ಕಂತಾಯಿತು.
ಎರಡನೆಯದು ಮುಟ್ಟುವ ಮೊದಲೇ ಜಾರಿತು.
ಮೂರನೆಯದಕ್ಕೆ ಗಂಟನ್ನೇ ಬಿಟ್ಟೆ.
ಅಡ್ಡ ಹಾದ ಪಟ್ಟಿಯಡಿ ಒಂದೇ ಕುಣಿಕೆ ತೂರಿಸಿ,
ಬಾಲ ಎಡಕ್ಕೆ ಉದ್ದವಾಗಿ,
ಹಿಡಿಯಲು ತುದಿಗೊಂದು ಮರದ ಮಣಿ.
ಶುಂಠಿಬೆರಳು ಮಣಿಯನ್ನು ಹುಡುಕಿ ಹಿಡಿಯಿತು.
ಸರ್ರನೆ
ಮೇಜಿನಿಂದ ನೆಲದವರೆಗೆ ಕೆಂಪು.

ಮತ್ತೆ ಕಟ್ಟಿಕೊಟ್ಟೆ. ಕಣ್ಣಿಗೆ ಅಂಥ ಚೆಂದವೇನಲ್ಲ,
ಒಂದೇ ಕಿವಿಯ ಮೊಲ.
'ದಾರಿಯಲ್ಲೇ ಬಿಚ್ಚಿಕೊಂಡರೆ?'
ಸಲೀಸಾಗಿ ಬಿಚ್ಚುವುದಕ್ಕೆಲ್ಲ ಇರುವ ಭಯ ಅದು.
ಬೆರಿಲ್ ಕುರ್ಚಿ ಎಳೆದು ಕೊಟ್ಟಳು: 'ನೀನೇ ಕಲಿ.'
ಅವನು ನನ್ನ ಕತ್ತರಿಯ ಹಿಡಿಗೆ ಕಟ್ಟಿದ, ಬಿಚ್ಚಿದ, ಕಟ್ಟಿದ.
ನಾಲಿಗೆ ಹೊರಗೆ, ಒಂದನೇ ಕ್ಲಾಸಿನ ಹುಡುಗನಂತೆ.
ಸಾಲು ಲಿಫ್ಟಿನವರೆಗೆ ಬೆಳೆಯಿತು.
ಯಾರೋ ಮುಖ ಗಂಟಿಕ್ಕಿದರು.

ತುಂಬಿದ ಹಾಲಿನ ಪಾತ್ರೆ ಹಿಡಿದವನಂತೆ ಹೊರಟ.
ಗಾಜಿನ ಬಾಗಿಲು ತಾನೇ ಸರಿದು ಅವನನ್ನು ಬಿಸಿಲಿಗೆ ಬಿಟ್ಟಿತು.

ಮುಂದಿನವಳು ತಂದದ್ದು ಸ್ಕೇಟ್‌ಬೋರ್ಡು, ಡಬ್ಬಿಯೂ ಇಲ್ಲ.
'ನೀಲ್ ಎಲ್ಲಿ?'
ಕತ್ತರಿ ಎತ್ತಿದೆ. ಅವನು ಕಟ್ಟಿದ್ದು ಹಿಡಿಯ ಮೇಲೆ ಹಾಗೇ ಇತ್ತು,
ಸೊಟ್ಟಗೆ, ಮಂಕು ಬೆನ್ನು ಮೇಲಾಗಿ.
ಎಡಗೈಯಲ್ಲಿ ಎಳೆದೆ.