ಖಾಲಿ ಕಾಗದದ ತೂಕ

ಮೊದಲು ಖಾಲಿ ಕಾಗದ ತೂಗಬೇಕು.
ಚಿಮಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು,
ಗಾಜಿನ ಮನೆಯೊಳಗಿನ ತಕ್ಕಡಿಯ ಮೇಲಿಟ್ಟು
ನಾಕನೇ ದಶಾಂಶದ ಅಂಕಿ ಅಲುಗಾಡದೆ ನಿಂತಾಗ
ಬರೆದುಕೊಳ್ಳಬೇಕು.

ಆಮೇಲೆ ಶಿರಹಟ್ಟಿ ಬಸ್ಸು. ತೊಡೆಯ ಮೇಲೆ ಪೆಟ್ಟಿಗೆ.
"ಏನವಾ, ಅದರಾಗ ಕೋಳಿಮರಿ ಅದಾವೇನ?" ಅಂದ ಕಂಡಕ್ಟರ.
"ಗಾಳಿ ಹಿಡಿಯೂ ಮಷಿನ್ನರೀ."
"ಹಿಡದು ಏನ ಮಾಡ್ತೀರಿ?"
"ತೂಗತೇವಿ."
ಅವ ಎಷ್ಟು ನಕ್ಕನೆಂದರೆ ಚಿಲ್ಲರೆ ಕೊಡುವುದನ್ನೇ ಮರೆತ.

ಗುಡ್ಡದ ಅರ್ಧ ಈಗ ಇಲ್ಲ.
ಉಳಿದರ್ಧ, ಹೆಚ್ಚಿಟ್ಟ ಉಳ್ಳಾಗಡ್ಡಿಯ ಹಾಗೆ,
ಪದರ ತೋರಿಸುತ್ತ ನಿಂತಿದೆ.
ನಾನು ಬರುವ ದಿನ ದುಂಡಸಿ ಸಾಹೇಬರಿಗೆ ಗೊತ್ತು.
ಅವತ್ತು ನಸುಕಿಗೇ ಟ್ಯಾಂಕರು ಎರಡು ಸುತ್ತು ಹೊಡೆದಿರುತ್ತದೆ,
ರಸ್ತೆ ಮದುವೆ ಮನೆಯ ಅಂಗಳದಂತೆ ಹಸಿ.
ಮೂರು ಕ್ರಷರಿನಲ್ಲಿ ಎರಡಕ್ಕೆ ಬೆಲ್ಟು ರಿಪೇರಿ.
"ನೋಡ್ರಿ ಮೇಡಮ್, ಎಷ್ಟ್ ಸ್ವಚ್ಛ ಇಟ್ಟೇವಿ."
ಹೌದು, ಇವತ್ತು ಸ್ವಚ್ಛ.
ಕೊಟ್ಟ ಚಹಾದ ಲೋಟದ ತಳದಲ್ಲಿ ಮಾತ್ರ
ನಿನ್ನೆ ಇದೆ.

ಬೇಲಿಯಗುಂಟ ಐದುನೂರು ಬೇವು, ವರದಿಯಲ್ಲಿ.
ಎಣಿಸಿದೆ. ಇನ್ನೂರ ಹನ್ನೊಂದು,
ನಂಬರು ಬರೆದ ಒಣಕೋಲುಗಳನ್ನೂ ಹಿಡಿದು.
ಕುರಿ ತಿಂದವಂತೆ.
ಕುರಿ ಕಾಯುವ ಹುಡುಗನನ್ನು ಕೇಳಿದರೆ,
"ಆ ತೊಪ್ಪಲಾ ನಮ್ಮ ಕುರಿ ಮೂಸೂದಿಲ್ಲರೀ,
ಹಲ್ಲಿಗೆ ಮಳಲ ಹತ್ತತೈತಿ."

ಒಂದು ಗಂಟೆಗೆ ಸ್ಫೋಟ.
ಮಕ್ತುಮಸಾಬ ಕೆಂಪು ಬಾವುಟ ಹಿಡಿದು
ಊರ ಕಡೆ ಮುಖ ಮಾಡಿ ಮೂರು ಸಲ ಸೀಟಿ ಊದಿದ.
ಗುಡ್ಡದ ಕಡೆ ತಿರುಗಿ ಇನ್ನೊಂದು.
ಅದು ಯಾರಿಗೆ?
"ನವಿಲಿಗ್ರಿ. ಅವು ಸಾವಕಾಶ ಏಳತಾವು."
ಕಾಲಕೆಳಗೆ ನೆಲ ಒಮ್ಮೆ ಗುಟುಕು ನುಂಗಿತು.
ಕಂಪನದ ಅಂಕಿ, ಮಿತಿಯೊಳಗೆ.
ಫಕೀರವ್ವನ ಗೋಡೆಯ ಬಿರುಕಿಗೆ
ನಾನೇ ಅಡ್ಡ ಅಂಟಿಸಿದ್ದ ಗಾಜಿನ ಪಟ್ಟಿ
ಎರಡಾಗಿತ್ತು.

ಅವಳ ಮಾಳಿಗೆಯ ಮೇಲೇ ನನ್ನ ಮಷಿನ್ನು.
ಎಂಟು ತಾಸು ಗುಂಯ್ ಎನ್ನುತ್ತ ಗಾಳಿ ಎಳೆಯುತ್ತದೆ.
ಮಗ್ಗುಲಲ್ಲೇ ಅವಳ ಶಾಂಡಗಿ,
ಹಳೆ ಸೀರೆಯ ತುಂಡು ಹೊದ್ದುಕೊಂಡು, ನಾಕು ದಿನದಿಂದ.
"ನಿನ್ನ ಮಷಿನ್ ತಿಂಗಳಿಗೊಮ್ಮೆ ಉಸರಾಡತೈತಿ.
ನಾ ದಿನಾ," ಅಂದಳು,
ಸಿಟ್ಟೇನೂ ಇಲ್ಲದೆ, ನನಗೆ ರೊಟ್ಟಿ ಬಡಿಯುತ್ತ.

ಸಂಜೆ ಅವಳು ಆ ಬಟ್ಟೆ ಜಾಡಿಸಲು ಹೋದಾಗ
ಕೈ ಹಿಡಿದೆ.
ನಾನು ಬೆಟಗೇರಿಯ ನೇಕಾರನ ಮಗಳು.
ಅಪ್ಪ ಸೀರೆಯನ್ನು ಅಂಗೈಯಲ್ಲಿಟ್ಟು
ನೂಲೆಷ್ಟು, ಗಂಜಿಯೆಷ್ಟು ಹೇಳುತ್ತಿದ್ದ.
ಗಂಜಿ ಜಾಸ್ತಿಯಾದರೆ, "ಇದು ಸೀರಿ ಅಲ್ಲ, ಸುಳ್ಳು,"
ಮಡಿಚಿ ಬದಿಗಿಡುತ್ತಿದ್ದ.
ಈ ತುಂಡಿನ ಗಂಜಿ ಹೋಗಿ ಹತ್ತು ವರ್ಷವಾಗಿರಬೇಕು.
ಆದರೂ ಅಂಗೈ ಬಗ್ಗಿತು.

"ಇದನ್ನ ಒಯ್ಯಲೇನ ಯವ್ವಾ?"
"ಒಯ್ಯಿ. ಒಗದು ತಾ."
"ಒಗಿಯೂದಿಲ್ಲ."
ಅವಳು ಸೆರಗು ಸಿಗಿಸುತ್ತಿದ್ದ ಕೈ ತಡೆದು
ನನ್ನನ್ನು ಮೊದಲ ಸಲ ನೋಡಿದಂತೆ ನೋಡಿದಳು.

ಲ್ಯಾಬಿನಲ್ಲಿ ಕಾಗದ ತೂಗಿದೆ. ಮಿತಿಯೊಳಗೆ.
ಬಟ್ಟೆ ಆ ಗಾಜಿನ ಮನೆಯಲ್ಲಿ ಹಿಡಿಸಲಿಲ್ಲ.
ಕೆಳಗೆ ಪತ್ತಾರರು ಅಂಗಡಿ ಮುಚ್ಚುವ ಹೊತ್ತು.
"ಹಳೇ ಜರತಾರಿ ಸೀರಿ ಏನ್ರಿ?"
ಅಲ್ಲ. ಒಮ್ಮೆ ತೂಗಿಸಿದೆ,
ಬೀದಿಗೆ ಹೋಗಿ ಜಾಡಿಸಿ ಬಂದು ಇನ್ನೊಮ್ಮೆ ತೂಗಿಸಿದೆ.
"ಹನ್ನೊಂದು ಗ್ರಾಮ್ ಕಡಿಮಿ ಆತು.
ಒಂದ್ ತೊಲಿ, ಹತ್ರಹತ್ರ," ಎಂದರು ಪತ್ತಾರರು,
ನೆಲ ನೋಡುತ್ತ, ಏನಾದರೂ ಬಿದ್ದಿದೆಯೇ ಎಂದು.

ವರದಿಯಲ್ಲಿ ಹನ್ನೆರಡು ಅಂಕಣ. ಬಟ್ಟೆಗೆ ಇಲ್ಲ.
ಕೊನೆಗೆ "ಷರಾ" ಎಂದು ಒಂದು ಗೆರೆ ಇದೆ.
ನಾಕು ವರ್ಷ ಅಲ್ಲಿ "ಏನೂ ಇಲ್ಲ" ಎಂದೇ ಬರೆದವಳು
ಇವತ್ತು ಬರೆದೆ:
ಮುಂದಿನ ಮಾಪನಕ್ಕೆ ತಿಳಿಸದೆ ಬರಲಾಗುವುದು.
ಸ್ಥಳ: ಫಕೀರವ್ವ ಹುಲಗೂರ ಇವರ ಮಾಳಿಗೆ.
ಅವಧಿ: ಒಂದು ಒಬ್ಬೆ ಶಾಂಡಗಿ ಒಣಗುವಷ್ಟು.

ಕೊನೆಯ ಸಾಲು ಮೇಲಿನವರು ಹೊಡೆದುಹಾಕುತ್ತಾರೆ.
ಮೊದಲಿನದು ಉಳಿದರೂ ಉಳಿದೀತು.
ಫಕೀರವ್ವನಿಗೆ ಬೇರೆ ಬಟ್ಟೆ ಕೊಡಬೇಕಲ್ಲ,
ಅಪ್ಪನ ಮಗ್ಗದ ಒಂದು ತುಂಡು ತೆಗೆದಿಟ್ಟಿದ್ದೇನೆ.
ಗಂಜಿ ಹೋಗುವತನಕ ಒಗೆದು, ಒಣಗಿಸಿ,
ಮೊದಲು ಅದನ್ನು
ಖಾಲಿಯಿದ್ದಾಗಲೇ ತೂಗಬೇಕು.