ಬದಲಿ

ಎಂಟೂಮುಕ್ಕಾಲು. ಮಂಡ್ಯದ ಕಾಲೇಜಿನ ಲ್ಯಾಬು.
ಕಿಟಕಿಯಾಚೆ ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ,
ಒಳಗೆ ನಲವತ್ತು ಪರದೆಗಳ ಮೇಲೆ ಒಂದೇ ಮಾತು:
ಪ್ರಾಕ್ಸಿ ಸರ್ವರ್ ಸಿಗುತ್ತಿಲ್ಲ.
ಹತ್ತೂವರೆಗೆ ಪ್ರಾಕ್ಟಿಕಲ್ ಪರೀಕ್ಷೆ.
ಬಸರಾಳಿನ ಬಸ್ಸು ಆಗಲೇ ಹುಡುಗಿಯರನ್ನು ಇಳಿಸಿ ಹೋಗಿದೆ.

ಸ್ಟಾರ್ಟ್ ಎಂದೆ. ಸುಮ್ಮನಿತ್ತು.
ಸ್ಟೇಟಸ್ ಕೇಳಿದೆ. ಕೆಂಪಕ್ಷರದಲ್ಲಿ, ಫೇಲ್ಡ್.
ಹಟ ಹಿಡಿದ ಕೂಸೂ ಇದಕ್ಕಿಂತ ಹೆಚ್ಚು ಹೇಳುತ್ತದೆ.

'ಏನವ್ವಾ, ಇನ್ನೂ ಎದ್ದಿಲ್ವಾ ನಿನ್ನ ಮಿಷನ್ನು?
ಒಂದ್ಸಲ ವೈರ್ ಕಿತ್ತು ಹಾಕ್ಬುಡು' ಅಂದಳು
ಕಸ ಗುಡಿಸುತ್ತಿದ್ದ ಸಣ್ಣಮ್ಮ.
ರಾತ್ರಿ ಕರೆಂಟೇ ಅದನ್ನು ಕಿತ್ತು ಹಾಕಿತ್ತು, ಎರಡು ಸಲ.

ನಮ್ಮಜ್ಜ ನೀರುಗಂಟಿ.
ಗದ್ದೆಗೆ ನೀರು ಬರಲಿಲ್ಲವೆಂದರೆ ಆಕಾಶ ನೋಡುತ್ತಿರಲಿಲ್ಲ,
ಚಪ್ಪಲಿ ಬಿಟ್ಟು ಕಾಲುವೆಗುಂಟ ನಡೆಯುತ್ತಿದ್ದ
ಕೊನೆಗದ್ದೆಯಿಂದ ತೂಬಿನ ತನಕ.
ಎಲ್ಲೋ ಸಿಕ್ಕೇ ಸಿಗುತ್ತಿತ್ತು:
ಏಡಿ ತೋಡಿದ ಬಿಲ, ಇಲ್ಲಾ
ಪಕ್ಕದವನು ಅಡ್ಡ ತುರುಕಿದ ಗೋಣಿಚೀಲ.

ನಾನೂ ನಡೆದೆ.
ಡಿಸ್ಕ್ ಅರ್ಧ ಖಾಲಿ.
ಕಾನ್ಫಿಗ್ ಫೈಲು ಮುನ್ನೂರು ಸಾಲು, ಬೆರಳಿಟ್ಟು ಓದಿದೆ,
ಒಂದಕ್ಷರವೂ ಜಾರಿಲ್ಲ.
ಪೋರ್ಟ್ ಮೂವತ್ತೊಂದು ಇಪ್ಪತ್ತೆಂಟು, ಬಾಗಿಲಲ್ಲಿ ಯಾರೂ ಕೂತಿಲ್ಲ.
ಕ್ಯಾಶ್ ಕೋಣೆಯ ಒಡೆತನ, ಅನುಮತಿ, ಎಲ್ಲ ಸರಿ.
ಕೊನೆಗೆ ಲಾಗಿನ ಬಾಲ ಹಿಡಿದೆ.
ಅದು ಹೇಳಿತು:
ನಾನಾಗಲೇ ಓಡುತ್ತಿದ್ದೇನೆ. ನನ್ನ ನಂಬರು ೧೧೮೪.

೧೧೮೪ನ್ನು ಹುಡುಕಿದೆ. ಇತ್ತು!
ಆದರೆ ಅದು ಪ್ರಿಂಟರ್ ಕಾಯುವ ಇನ್ನಾವುದೋ ಪ್ರೋಸೆಸ್ಸು.
ಕರೆಂಟು ಹೋದಾಗ ಪ್ರಾಕ್ಸಿ ಸತ್ತಿದೆ,
ನಂಬರು ಬರೆದಿಟ್ಟ ಚೀಟಿ ಮಾತ್ರ ಉಳಿದಿದೆ,
ಆ ನಂಬರನ್ನು ಬೆಳಗಿನ ಹೊತ್ತಿಗೆ ಪ್ರಿಂಟರಿಗೆ ಕೊಟ್ಟಿದ್ದಾರೆ.
ಈಗ ಹೊಸದಾಗಿ ಏಳುವ ಪ್ರಾಕ್ಸಿ
ಚೀಟಿ ಓದಿ ಕೂಗುತ್ತದೆ, ೧೧೮೪ ಇದ್ದೀಯಾ?
ಪ್ರಿಂಟರು ಎಸ್ ಸರ್ ಅನ್ನುತ್ತದೆ.
ಹಾಗಾದರೆ ನಾನು ಇದ್ದೇನೆ ಅಂದುಕೊಂಡು
ಪ್ರಾಕ್ಸಿ ಮತ್ತೆ ಮಲಗುತ್ತದೆ.

ಬಿ ಸೆಕ್ಷನ್ನಿನ ಮೂರನೇ ಬೆಂಚಿಗೆ ಇದೆಲ್ಲ ಹೊಸದಲ್ಲ.

ಬೂಟಾದರೂ ಅಳಿಯದ ಕಡೆ ಆ ಚೀಟಿ ಇಡಿಸಿದವರು
ಜವರಪ್ಪನವರು. ಈ ಕುರ್ಚಿ ಅವರದು.
ತೀರಿಕೊಂಡು ಮೂರು ವರ್ಷ.
ಸಂಬಳದ ಹಾಳೆಯಲ್ಲಿ ಇವತ್ತಿಗೂ ಹುದ್ದೆಯೆದುರು ಅವರ ಹೆಸರು,
ಕೆಳಗೆ ಪೆನ್ಸಿಲಿನಲ್ಲಿ, ಬದಲಿ: ಎಸ್. ಪಂಕಜಾಕ್ಷಿ.

ಅಳಿಸುವ ಆಜ್ಞೆ ಬರೆದೆ.
ಎಂಟರ್ ಮೇಲೆ ಬೆರಳು ಯಾಕೋ ಒಂದು ಗಳಿಗೆ ನಿಂತಿತು.
ಆಮೇಲೆ ಒತ್ತಿದೆ.

ಎದ್ದಿತು. ಹಸಿರಕ್ಷರ. ಹೊಸ ನಂಬರು ೨೯೦೭.
'ಮಿಸ್, ಬಂತು!' ಅಂದಳು ಕಿಟಕಿ ಪಕ್ಕದ ಹುಡುಗಿ.
ಒಂದೊಂದೇ ಪರದೆ ತುಂಬಿಕೊಂಡವು
ಗದ್ದೆಗೆ ಮಡಿ ಮಡಿಯಾಗಿ ನೀರು ಹಾಯುವ ಹಾಗೆ.

ಅಷ್ಟರಲ್ಲಿ ಆಫೀಸಿನ ಫೋನು.
'ಜವರಪ್ಪ ಅವ್ರಾ?'

ಹ್ಞೂಂ, ಹೇಳಿ, ಅಂದೆ.