ಅರದ ಗೆರೆ

ಕರಿಮಣ್ಣು ಮೆತ್ತಿದ ಗೋಣಿಯಲ್ಲಿ ಸುತ್ತಿ
ಠಾಣೆಯವರು ತಂದಿಟ್ಟು ಹೋದರು.
ಹಾಳು ವಾಡೆಯ ಹಗೇವಿನಲ್ಲಿ ಸಿಕ್ಕಿತಂತೆ,
ಜೋಳದ ಹೊಟ್ಟಿನ ಕೆಳಗೆ.

ಉದ್ದ ನಾಲ್ಕು ಅಡಿ ಏಳು ಅಂಗುಲ.
ತೂಕ, ಎದುರಿನ ಕಿರಾಣಿ ತಕ್ಕಡಿಯಲ್ಲಿ,
ನಾಲ್ಕು ಕಿಲೋ ಮುನ್ನೂರು.
ಹಿಡಿಕೆಯನ್ನು ಗೆದ್ದಲು ಅರ್ಧ ಓದಿ ಬಿಟ್ಟಿದೆ.
ತಯಾರಕರು ಎಂಬ ಕಾಲಮ್ಮಿಗೆ ಬಂದು
ನನ್ನ ಪೆನ್ನು ನಿಂತಿತು.

'ಬರಿಯಮ್ಮ, ಲಂಡನ್' ಅಂದರು ಸಾಹೇಬರು, ಕನ್ನಡಕ ಏರಿಸಿ.
ಕುದುರೆ ಕೂರುವ ತಗಡಿನ ಮೇಲೆ ಹೌದು,
ಇಂಗ್ಲಿಷ್ ಅಕ್ಷರ ಆರು.
ಅದರಲ್ಲಿ ಎರಡು ಕನ್ನಡಿಯೊಳಗಿನಂತೆ ತಿರುಗಿ ನಿಂತಿದ್ದವು,
ಒಂದು ತಲೆಕೆಳಗೆ.
ಲಂಡನ್ನಿನವನಿಗೆ ಲಂಡನ್ ಬರೆಯಲು ಬಾರದೆ?
ಯಾರೋ ಅಕ್ಷರವನ್ನು ಬಳ್ಳಿಯಂತೆ, ಇರುವೆಯಂತೆ ನೋಡಿಕೊಂಡು
ತನ್ನ ಹೆಸರು ಇರಬೇಕಾದಲ್ಲಿ
ತಾನು ಕಾಣದ ಊರನ್ನು ಕೆತ್ತಿದ್ದಾನೆ.

ಗುರುವಾರ, ತಗಡನ್ನಷ್ಟೇ ಬಿಚ್ಚಿ
ಊಟದ ಡಬ್ಬಿಯಲ್ಲಿಟ್ಟು
ಕಲಬುರಗಿಯಿಂದ ಸುರಪುರದ ಬಸ್ಸು ಹತ್ತಿದೆ.
ರಂಗಂಪೇಟೆಯಲ್ಲಿ ಮಾನಪ್ಪ ಕಂಬಾರನ ಕುಲುಮೆ.
ಕುಲುಮೆ ಹೆಸರಿಗೆ; ಈಗ ವೆಲ್ಡಿಂಗು,
ಟ್ರಾಲಿ, ಕಿಟಕಿ ಸರಳು, ಗೇಟು.

'ಒಳಗ ಮೂರು ಚುಕ್ಕಿ ಅದಾವಲ್ರಿ, ಹೆಸರಲ್ಲ ಅದು.
ಯಾವ ಮೊಳಿ ಯಾವ ತೂತಿಗಿ ಅಂತ ಗುರ್ತು.'
ನಾನೋ, ಮೂರು ವಾರ
ಆ ಮೂರು ಚುಕ್ಕಿಗೆ ವಂಶ ಹುಡುಕಿದವಳು.

ಬಿಸಿಲಿಗೆ ಓರೆ ಹಿಡಿದ. ಉಗುರಿನಿಂದ ಸವರಿದ.
ಎದ್ದು ಹೋಗಿ ಎಲೆಯಡಿಕೆ ಉಗುಳಿ ಬಂದು
ಮತ್ತೆ ಹಿಡಿದ.
'ಎಡಚ ಇದ್ದಾನ್ರಿ ಇಂವ.
ಅರದ ಗೆರಿ ನೋಡ್ರಿ. ನಮ್ಮವು ಹಿಂಗ ಬೀಳ್ತಾವ,
ಇವನವು ಹಂಗ.'
ತನ್ನದೊಂದು ತಗಡು ಪಕ್ಕಕ್ಕಿಟ್ಟ.
ಎರಡು ದಿಕ್ಕಿನಿಂದ ಹೊಡೆದ
ಎರಡು ಸಣ್ಣ ಮಳೆ.

ಅಷ್ಟರಲ್ಲಿ ಅವನ ಹೆಂಡತಿ ಕಾಳಮ್ಮ
ಜಂತಿಯಿಂದೊಂದು ಕುಡುಗೋಲು ಇಳಿಸಿ ತಂದಳು.
'ನಮ್ಮತ್ತಿಯ ಅತ್ತಿ ಕಾಲದ್ದು. ಯಾರ ಕೈಗೂ ಒಗ್ಗಂಗಿಲ್ಲ,
ಗುಜರಿಗಿ ಹಾಕಾಕ ಮನಸಿಲ್ಲ.'
ಬಲಗೈಯಲ್ಲಿ ಹಿಡಿದೆ, ಮುಖ ತಿರುಗಿಸಿತು.
ಎಡಗೈಗೆ ದಾಟಿಸಿದೆ,
ಬಂದು ಕೂತಿತು.
ಅಲಗಿನ ಬೆನ್ನ ಮೇಲೆ ಅದೇ ಗೆರೆ, ಅದೇ ವಾಲು.

'ಅವನೇನಾ?' ಎಂದೆ. ಗಂಟಲು ಒಣಗಿತ್ತು.
ಮಾನಪ್ಪ ನಕ್ಕ.
'ಊರಾಗ ಎಡಚರು ಒಬ್ಬರೇ ಇರ್ತಾರೇನ್ರಿ?'

ಕಾಳಮ್ಮ ತಗಡನ್ನು ಮುಟ್ಟಲಿಲ್ಲ.
'ಇದು ಎಷ್ಟು ಮಂದಿಗಿ ಬಡದದ?'
ಗೊತ್ತಿಲ್ಲ ಎಂದೆ.
'ಬರಕೊಂಡಿಲ್ಲೇನು?'
ಅದಕ್ಕೆ ಕಾಲಮ್ಮಿಲ್ಲ ಎನ್ನಲು ನಾಚಿಕೆಯಾಗಿ
ಚಹಾ ಕುಡಿದೆ.

ಶಹಾಪುರ ದಾಟುವಾಗ ಕತ್ತಲು. ತೊಡೆಯ ಮೇಲೆ ಡಬ್ಬಿ,
ಬಸ್ಸು ಕುಲುಕಿದಾಗಲೆಲ್ಲ ಒಳಗಿಂದೊಂದು ಸದ್ದು,
ಯಾರೋ ಹೆಸರು ಹೇಳಲು ಗಂಟಲು ಸರಿಮಾಡಿದಂತೆ,
ಹೇಳದಂತೆ.

ಶುಕ್ರವಾರ ರಿಜಿಸ್ಟರಿನಲ್ಲಿ ಬರೆದೆ.
ತಯಾರಕರು: ಎಡಗೈಯವನೊಬ್ಬ.
ಅಕ್ಷರ ಬಾರದವನು. ಅರ ಬಲ್ಲವನು.

ಸಾಹೇಬರು ಪಕ್ಕದಲ್ಲಿ ಕೆಂಪು ಶಾಯಿಯಿಂದ
ಪ್ರಶ್ನೆ ಚಿಹ್ನೆ ಹಾಕಿದ್ದಾರೆ.
ಅದೂ ಕುಡುಗೋಲಿನ ಹಾಗೇ ಇದೆ.
ಬಲಗೈಯವರದ್ದು.